ಕ್ಷಣಜೀವಿಗಳ ಜಮಾಖರ್ಚು

ಖಾನಾಪುರದ ಹೆಂಚು ಕೆಂಪು. ಅದೇ ಸೀಮೆಯ ಮಣ್ಣಿನಿಂದ ಮಾಡಿದ ಗಡಿಗೆ ಬೇಕೆಂದರೆ ಕೆಂಪಾಗುತ್ತದೆ, ಬೇಕೆಂದರೆ ಕಪ್ಪಾಗುತ್ತದೆ. ಮಣ್ಣು ಒಂದೇ, ಕಲಸಿದ ನೀರು ಒಂದೇ, ಸುಟ್ಟ ಸೌದೆಯೂ ಒಂದೇ. ಹಾಗಾದರೆ ಬಣ್ಣವೇಕೆ ಎರಡು?

ಬೆಳಗಾವಿಯಿಂದ ದಕ್ಷಿಣಕ್ಕೆ ಇಪ್ಪತ್ತೈದು ಕಿಲೋಮೀಟರಿನಷ್ಟು ದೂರದಲ್ಲಿರುವ ಈ ಊರಿಗೆ ಮಣ್ಣಿನ ಕೆಲಸ ಹೊಸದಲ್ಲ. ಇದೇ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಊರ ಪಕ್ಕದಲ್ಲೇ ಹರಿಯುತ್ತಾಳೆ. ಇಲ್ಲಿಯ ಜೇಡಿಮಣ್ಣು ಹೆಂಚಿಗೆ, ಇಟ್ಟಿಗೆಗೆ, ಗಡಿಗೆಗೆ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಈ ಊರಿಗೆ ಬಂದದ್ದೂ ಅದರಿಂದಲೇ. ಗಡಿಗೆಯ ಬಣ್ಣದ ಗುಟ್ಟು ಕುಂಬಾರರಿಗೆ ತಲೆತಲಾಂತರದಿಂದ ಗೊತ್ತು. ಆವಿಗೆಗೆ ಗಾಳಿ ಚೆನ್ನಾಗಿ ಆಡಿದರೆ ಮಣ್ಣಿನಲ್ಲಿರುವ ಕಬ್ಬಿಣ ಆಮ್ಲಜನಕದೊಡನೆ ಕೂಡಿ ಕೆಂಪಾಗುತ್ತದೆ. ಕೊನೆಯ ಹಂತದಲ್ಲಿ ಕಿಂಡಿಗಳನ್ನು ಮುಚ್ಚಿ ಬೆಂಕಿಯ ಉಸಿರು ಕಟ್ಟಿಸಿದರೆ ಹೊಗೆಯ ಇಂಗಾಲ ಗಡಿಗೆಯ ಒಳಕ್ಕೆ ಇಳಿಯುತ್ತದೆ, ಕಬ್ಬಿಣದ ಆಕ್ಸೈಡ್ ಕೂಡ ಕಪ್ಪು ರೂಪಕ್ಕೆ ತಿರುಗುತ್ತದೆ. ಅರ್ಧ ಉರಿದ ಬೆಂಕಿ ಗಡಿಗೆಗೆ ಬಣ್ಣ ಕೊಡುತ್ತದೆ.

ಅದೇ ಅರ್ಧ ಉರಿದ ಬೆಂಕಿ ಮನೆಯೊಳಗೆ ಬಂದಾಗ ಕಥೆ ಬೇರೆ. ನಮ್ಮ ಕಡೆ ಬಾಣಂತಿಯ ಹೊರಸಿನ ಕೆಳಗೆ ಕೆಂಡದ ಶೆಗಡಿ ಇಡುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ತಾಯಿಗೂ ಕೂಸಿಗೂ ಗಾಳಿ ಸೋಕಬಾರದೆಂದು ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚುತ್ತಾರೆ. ಬೆಳಗಾವಿಯ ಚಳಿಗಾಲದ ರಾತ್ರಿಗಳಲ್ಲಿ ಕೂಲಿಕಾರರು, ಕಾವಲುಗಾರರು ಸಣ್ಣ ಕೋಣೆಯೊಳಗೆ ಇದ್ದಿಲು ಹೊತ್ತಿಸಿಕೊಂಡು ಮಲಗುವುದೂ ಉಂಟು. ಕೆಂಡ ಹೊಗೆಯಾಡುತ್ತಿಲ್ಲ, ವಾಸನೆಯಿಲ್ಲ, ಆದ್ದರಿಂದ ಅಪಾಯವಿಲ್ಲ ಎಂಬ ನಂಬಿಕೆ. ಆದರೆ ಇಂಗಾಲದ ಮೊನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮಲಗಿದವರು ಏಳುವುದಿಲ್ಲ.

ಈ ವಿಷದ ಅನಿಲ ಬೆಂಕಿಯೊಳಗೇ ಉರಿದು ನಿರಪಾಯವಾಗುವುದು ಯಾವಾಗ, ಉರಿಯದೆ ಹೊರಬೀಳುವುದು ಯಾವಾಗ? ಉತ್ತರ ಹುಡುಕಲು ಹೊರಟರೆ ಒಂದು ವಿಚಿತ್ರ ಲೋಕಕ್ಕೆ ಕಾಲಿಡಬೇಕಾಗುತ್ತದೆ. ಅಲ್ಲಿಯ ನಿವಾಸಿಗಳು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬದುಕುವುದಿಲ್ಲ. ಆದರೂ ಪ್ರತಿಯೊಬ್ಬರ ಹೆಸರಿನಲ್ಲೂ ಶಾಖದ ಒಂದು ಖಾತೆಯುಂಟು. ಆ ಖಾತೆಯನ್ನು ಬರೆಯಲು ಮತ್ತು ತಿದ್ದಲು ವಿಜ್ಞಾನಿಗಳಿಗೆ ಒಂದು ಶತಮಾನವೇ ಹಿಡಿಯಿತು.

ಒಂಟಿ ಎಲೆಕ್ಟ್ರಾನಿನ ಅಲೆಮಾರಿಗಳು

ಶಾಲೆಯ ಪುಸ್ತಕದಲ್ಲಿ ಉರಿಯುವುದು ಒಂದೇ ಸಾಲಿನ ಮಾತು: ಇಂಧನ ಮತ್ತು ಆಮ್ಲಜನಕ ಸೇರಿ ಇಂಗಾಲದ ಡೈಆಕ್ಸೈಡ್ ಮತ್ತು ನೀರು ಆಗುತ್ತವೆ. ಇದು ಸುಳ್ಳಲ್ಲ. ಆದರೆ ಮದುವೆಯ ಮನೆಯಲ್ಲಿ ನಿಶ್ಚಿತಾರ್ಥ ಮತ್ತು ಊಟ ಎರಡನ್ನೇ ಹೇಳಿ ನಡುವಿನ ಗದ್ದಲವನ್ನೆಲ್ಲ ಬಿಟ್ಟಹಾಗೆ. ಜ್ವಾಲೆಯ ಒಳಗೆ ಅಣುಗಳು ನೇರವಾಗಿ ಅಣುಗಳೊಡನೆ ಕೂಡುವುದು ಬಹಳ ಕಡಿಮೆ. ಮೊದಲು ಅವು ಒಡೆಯುತ್ತವೆ. ಒಡೆದ ತುಂಡುಗಳು ಮುಂದಿನ ಕೆಲಸವನ್ನೆಲ್ಲ ಮಾಡುತ್ತವೆ.

ಅಣುವಿನಲ್ಲಿ ಎರಡು ಪರಮಾಣುಗಳನ್ನು ಹಿಡಿದಿಡುವುದು ಸಾಮಾನ್ಯವಾಗಿ ಒಂದು ಜೋಡಿ ಎಲೆಕ್ಟ್ರಾನ್. ಆ ಬಂಧ ಮುರಿದು ಜೋಡಿ ಹಂಚಿಹೋದಾಗ ಪ್ರತಿ ತುಂಡಿನ ಪಾಲಿಗೂ ಒಂದೊಂದು ಒಂಟಿ ಎಲೆಕ್ಟ್ರಾನ್ ಬರುತ್ತದೆ. ಇಂಥ ತುಂಡುಗಳಿಗೆ ಮುಕ್ತ ರ‍್ಯಾಡಿಕಲ್ ಎಂದು ಹೆಸರು. ನೀರಿನಿಂದ ಒಂದು ಜಲಜನಕ ಪರಮಾಣುವನ್ನು ಕಿತ್ತರೆ ಉಳಿಯುವುದು ಹೈಡ್ರಾಕ್ಸಿಲ್ ರ‍್ಯಾಡಿಕಲ್. ಮೀಥೇನಿನಿಂದ ಒಂದನ್ನು ಕಿತ್ತರೆ ಮೀಥೈಲ್ ರ‍್ಯಾಡಿಕಲ್. ಜೊತೆ ತಪ್ಪಿದ ಎಲೆಕ್ಟ್ರಾನಿಗೆ ಸುಮ್ಮನಿರಲು ಆಗದು. ಎದುರಿಗೆ ಸಿಕ್ಕ ಅಣುವಿನಿಂದ ಏನನ್ನಾದರೂ ಕಿತ್ತುಕೊಂಡು ಅದನ್ನೂ ರ‍್ಯಾಡಿಕಲ್ ಮಾಡಿ ಬಿಡುತ್ತದೆ. ಸರಪಳಿ ಹೀಗೆ ಬೆಳೆಯುತ್ತ ಹೋಗುತ್ತದೆ.

ಇವನ್ನು ನೋಡಲು ಪ್ರಯೋಗಾಲಯಕ್ಕೇ ಹೋಗಬೇಕೆಂದಿಲ್ಲ. ಗ್ಯಾಸ್ ಒಲೆಯ ಜ್ವಾಲೆಯ ಬುಡದಲ್ಲಿ ಕಾಣುವ ನೀಲಿ-ನೇರಳೆ ಬೆಳಕಿನಲ್ಲಿ ಒಂದು ಇಂಗಾಲ, ಒಂದು ಜಲಜನಕ ಮಾತ್ರ ಇರುವ ರ‍್ಯಾಡಿಕಲ್‌ನ ಪಾಲು ದೊಡ್ಡದು. ಜ್ವಾಲೆ ಹಳದಿಯಾದರೆ ಅದು ಮಸಿಯ ಕಣಗಳು ಕಾಯ್ದು ಹೊಳೆಯುವ ಬೆಳಕು. ಅಡುಗೆ ಮಾಡುವವರು ಹಳದಿ ಜ್ವಾಲೆ ಕಂಡೊಡನೆ ಬರ್ನರ್ ತೆಗೆದು ತೊಳೆಯುವುದರಲ್ಲಿ ರಸಾಯನ ಶಾಸ್ತ್ರದ ಒಳ್ಳೆಯ ಪಾಠವೇ ಇದೆ.

ಈ ಅಲೆಮಾರಿಗಳಿಲ್ಲದಿದ್ದರೆ ಏನಾಗುತ್ತದೆ? 1880ರಲ್ಲಿ ಆಕ್ಸ್‌ಫರ್ಡ್‌ನ ಹೆರಾಲ್ಡ್ ಬೈಲಿ ಡಿಕ್ಸನ್ ಒಂದು ಸೋಜಿಗವನ್ನು ಕಂಡರು. ಇಂಗಾಲದ ಮೊನಾಕ್ಸೈಡ್ ಮತ್ತು ಆಮ್ಲಜನಕವನ್ನು ಬೆರೆಸಿ ಕಿಡಿ ಹಾರಿಸಿದರೆ ಅದು ಸಿಡಿಯಬೇಕು. ಆದರೆ ಎರಡೂ ಅನಿಲಗಳನ್ನು ಚೆನ್ನಾಗಿ ಒಣಗಿಸಿದ್ದರೆ ಕಿಡಿ ಹಾರಿದರೂ ಸಿಡಿತವಿಲ್ಲ. ಚೂರು ನೀರಾವಿ ಸೇರಿಸಿದರೆ ಸಾಕು, ಸಿಡಿಯುತ್ತದೆ. ಬೆಂಕಿಯನ್ನು ಆರಿಸುವ ನೀರೇ ಬೆಂಕಿ ಹತ್ತಿಸಲು ಬೇಕು! ಕಾರಣ ತಿಳಿದದ್ದು ಬಹಳ ತಡವಾಗಿ. ಇಂಗಾಲದ ಮೊನಾಕ್ಸೈಡ್ ಆಮ್ಲಜನಕದ ಅಣುವಿನೊಡನೆ ನೇರವಾಗಿ ಕೂಡಲು ತೀರ ಹಿಂಜರಿಯುತ್ತದೆ. ಅದನ್ನು ಬೇಗ ಉರಿಸಬಲ್ಲದ್ದು ಹೈಡ್ರಾಕ್ಸಿಲ್ ರ‍್ಯಾಡಿಕಲ್. ಆ ರ‍್ಯಾಡಿಕಲ್ ಹುಟ್ಟಲು ಎಲ್ಲಿಂದಲಾದರೂ ಜಲಜನಕ ಬರಬೇಕು. ಚೂರು ನೀರಾವಿ ಮಾಡುವ ಉಪಕಾರ ಅದೇ.

ಹಾಗಾಗಿ ನಮ್ಮ ಶೆಗಡಿಯ ಪ್ರಶ್ನೆ ಕೊನೆಗೆ ಹೈಡ್ರಾಕ್ಸಿಲ್‌ನ ಪ್ರಶ್ನೆಯಾಗುತ್ತದೆ. ಅದು ಹುಟ್ಟಲು ಎಷ್ಟು ಶಾಖ ಖರ್ಚು, ಕೆಲಸ ಮಾಡಿದಾಗ ಎಷ್ಟು ಶಾಖ ಜಮಾ? ಲೆಕ್ಕ ತಿಳಿದರೆ ಬೆಂಕಿಯ ನಡತೆ ತಿಳಿದಂತೆ.

ಹಿಡಿಯಲಾಗದ್ದನ್ನು ತೂಗುವುದು ಹೇಗೆ?

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ರ‍್ಯಾಡಿಕಲ್‌ಗಳು ಒಂಟಿಯಾಗಿ ಇರುವುದು ಸಾಧ್ಯವೇ ಇಲ್ಲವೆಂದು ಅನೇಕ ರಸಾಯನ ವಿಜ್ಞಾನಿಗಳು ಕೈಬಿಟ್ಟಿದ್ದರು. 1900ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಮೋಸೆಸ್ ಗೊಂಬರ್ಗ್ ಬೇರೆ ಏನನ್ನೋ ತಯಾರಿಸಲು ಹೊರಟಿದ್ದರು. ಒಂದು ಇಂಗಾಲಕ್ಕೆ ಮೂರು ಬೆಂಜೀನ್ ಉಂಗುರಗಳನ್ನು ಹೊತ್ತ ಎರಡು ತುಂಡುಗಳನ್ನು ಜೋಡಿಸಿ ದೊಡ್ಡ ಅಣುವೊಂದನ್ನು ಕಟ್ಟುವುದು ಅವರ ಉದ್ದೇಶ. ಗಾಳಿ ತಾಕದಂತೆ ಮಾಡಿದಾಗ ಹಳದಿ ದ್ರಾವಣವೊಂದು ಬಂತು. ಗಾಳಿ ತಾಕಿದೊಡನೆ ಬಣ್ಣ ಹೋಗಿ ಬಿಳಿಯ ಪೆರಾಕ್ಸೈಡ್ ಆಯಿತು. ಜೋಡಿಯಾಗದೆ ಉಳಿದ ತುಂಡೇ ಇದು ಎಂದು ಅವರು ಧೈರ್ಯವಾಗಿ ಬರೆದರು. ಮೂರು ಉಂಗುರಗಳ ಗುಂಪಿನ ಮರೆಯಲ್ಲಿ ಆ ಒಂಟಿ ಎಲೆಕ್ಟ್ರಾನ್ ಬದುಕಿಕೊಂಡಿತ್ತು.

ಮರೆಯಿಲ್ಲದ ಪುಟ್ಟ ರ‍್ಯಾಡಿಕಲ್‌ಗಳನ್ನು ಹಿಡಿಯಲು ಇನ್ನೂ ಮೂರು ದಶಕ ಬೇಕಾಯಿತು. 1929ರಲ್ಲಿ ಬರ್ಲಿನ್‌ನಲ್ಲಿ ಫ್ರೀಡ್ರಿಖ್ ಪಾನೆಟ್ ಮತ್ತು ಹೋಫೆಡಿಟ್ಸ್ ಮಾಡಿದ ಪ್ರಯೋಗ ಸರಳವಾಗಿದ್ದರೂ ಬಲು ಚೆಂದದ್ದು. ಸೀಸ ಮತ್ತು ಮೀಥೈಲ್ ಗುಂಪುಗಳಿಂದಾದ ವಸ್ತುವಿನ ಆವಿಯನ್ನು ಉದ್ದ ಕೊಳವೆಯಲ್ಲಿ ವೇಗವಾಗಿ ಹರಿಸಿದರು. ಕೊಳವೆಯ ಒಂದು ಕಡೆ ಕಾಯಿಸಿದಾಗ ಒಳಗೋಡೆಗೆ ಸೀಸ ಕನ್ನಡಿಯಂತೆ ಅಂಟಿತು. ಅನಂತರ ಅದಕ್ಕಿಂತ ಸ್ವಲ್ಪ ಹಿಂದೆ, ಆವಿ ಹರಿದು ಬರುವ ಕಡೆ, ಕಾಯಿಸಿದರು. ಅಲ್ಲಿ ಹೊಸ ಕನ್ನಡಿ ಮೂಡುತ್ತಿದ್ದಂತೆ ಮುಂದಿದ್ದ ಹಳೆಯ ಕನ್ನಡಿ ಕರಗತೊಡಗಿತು. ಬಿಡುಗಡೆಯಾದ ಮೀಥೈಲ್ ರ‍್ಯಾಡಿಕಲ್‌ಗಳು ಕೊಳವೆಯುದ್ದಕ್ಕೂ ಹರಿದು ಸೀಸವನ್ನು ತಿಂದು ಹಾಕುತ್ತಿದ್ದವು. ಕಾಯಿಸುವ ಜಾಗವನ್ನು ದೂರ ಸರಿಸಿದಷ್ಟೂ ಕನ್ನಡಿ ನಿಧಾನವಾಗಿ ಕರಗಿತು. ಅದರಿಂದ ರ‍್ಯಾಡಿಕಲ್‌ಗಳ ಆಯುಷ್ಯ ಸೆಕೆಂಡಿನ ಕೆಲವೇ ಸಾವಿರದೊಂದು ಭಾಗ ಎಂದು ತಿಳಿಯಿತು.

ಇರುವಿಕೆ ಖಚಿತವಾಯಿತು. ಆದರೆ ಶಾಖದ ಲೆಕ್ಕ? ಸಕ್ಕರೆಯದೋ ಎಣ್ಣೆಯದೋ ಆದರೆ ಉಕ್ಕಿನ ಡಬ್ಬಿಯಲ್ಲಿಟ್ಟು ಸುಟ್ಟು, ಸುತ್ತಲ ನೀರು ಎಷ್ಟು ಕಾಯಿತೆಂದು ಅಳೆಯಬಹುದು. ಸೆಕೆಂಡಿನ ಸಾವಿರದೊಂದು ಭಾಗ ಬದುಕುವ ವಸ್ತುವನ್ನು ಯಾವ ಡಬ್ಬಿಯಲ್ಲಿ ತುಂಬಿಡುವುದು?

ಇಲ್ಲಿ ನೆರವಿಗೆ ಬರುವುದು 1840ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಜರ್ಮೇನ್ ಹೆಸ್ ಕಂಡುಕೊಂಡ ನಿಯಮ. ಬೆಳಗಾವಿಯಿಂದ ಖಾನಾಪುರಕ್ಕೆ ಯಾವ ದಾರಿಯಲ್ಲಿ ಹೋದರೂ ಎರಡು ಊರುಗಳ ಎತ್ತರದ ವ್ಯತ್ಯಾಸ ಬದಲಾಗುವುದಿಲ್ಲ. ಹಾಗೆಯೇ ಒಂದು ವಸ್ತು ಮತ್ತೊಂದಾಗಲು ಯಾವ ದಾರಿ ಹಿಡಿದರೂ ಶಾಖದ ಒಟ್ಟು ವ್ಯತ್ಯಾಸ ಒಂದೇ. ಹೀಗಾಗಿ ರ‍್ಯಾಡಿಕಲ್ಲನ್ನೇ ಕೈಗೆ ತೆಗೆದುಕೊಳ್ಳಬೇಕಿಲ್ಲ. ಅದರ ಹಿಂದಿನ ಮತ್ತು ಮುಂದಿನ ಹೆಜ್ಜೆಗಳ ಲೆಕ್ಕ ಸಿಕ್ಕರೆ ಕಳೆದು ಕೂಡಿಸಿ ಅದರದನ್ನು ತೆಗೆಯಬಹುದು.

ನೀರನ್ನೇ ನೋಡೋಣ. ಹದಿನೆಂಟು ಗ್ರಾಂ ನೀರಾವಿಯ ಪ್ರತಿ ಅಣುವಿನಿಂದ ಒಂದೊಂದು ಜಲಜನಕ ಪರಮಾಣುವನ್ನು ಕೀಳಲು 497 ಕಿಲೋಜೌಲ್ ಶಕ್ತಿ ಬೇಕು. ಒಂದೂವರೆ ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಬೇಕಾಗುವುದು ಹೆಚ್ಚು ಕಡಿಮೆ ಇಷ್ಟೇ. ಉಳಿದ ಹೈಡ್ರಾಕ್ಸಿಲ್‌ನಿಂದ ಎರಡನೆಯ ಜಲಜನಕವನ್ನು ಕೀಳಲು 430 ಸಾಕು. ಶಾಲೆಯ ಪುಸ್ತಕಗಳು ಎರಡಕ್ಕೂ ಸೇರಿಸಿ ಸುಮಾರು 463 ಎಂಬ ಸರಾಸರಿ ಕೊಡುತ್ತವೆ. ಸರಾಸರಿ ಪರೀಕ್ಷೆಗೆ ಸಾಕು, ಬೆಂಕಿಗೆ ಸಾಲದು. ಬೆಂಕಿ ಒಂದೊಂದಾಗಿ ಕೀಳುತ್ತದೆ. ಎರಡು ಮೆಟ್ಟಿಲುಗಳ ನಡುವೆ ನಿಂತಿರುವ ಹೈಡ್ರಾಕ್ಸಿಲ್‌ನ ಎತ್ತರ ಸರಿಯಾಗಿ ಗೊತ್ತಿದ್ದರೆ ಮಾತ್ರ ಎರಡೂ ಅಂಕಿಗಳು ಸರಿ.

ಮೂರು ದಾರಿಗಳು

1994ರಲ್ಲಿ ಬರ್ಕೋವಿಟ್ಸ್, ಎಲಿಸನ್ ಮತ್ತು ಗುಟ್‌ಮನ್ ಎಂಬ ಮೂವರು ವಿಜ್ಞಾನಿಗಳು ಸೇರಿ ಒಂದು ಲೇಖನ ಬರೆದರು. ಮೂವರದೂ ಬೇರೆ ಬೇರೆ ವಿದ್ಯೆ. ಒಂದೇ ಬಂಧಶಕ್ತಿಯನ್ನು ಮೂರು ದಾರಿಗಳಿಂದ ಅಳೆದು ತಾಳೆ ನೋಡುವುದು ಅವರ ಉದ್ದೇಶವಾಗಿತ್ತು.

ಮೊದಲನೆಯದು ವೇಗದ ದಾರಿ. ಸಂತೆಯ ಬಾಗಿಲಲ್ಲಿ ನಿಂತು ಒಳಗೆ ಹೋಗುವವರನ್ನೂ ಹೊರಗೆ ಬರುವವರನ್ನೂ ಎಣಿಸಿದರೆ ಜನ ಯಾವ ಕಡೆ ಒಲಿದಿದ್ದಾರೆಂದು ತಿಳಿಯುತ್ತದಷ್ಟೆ. ಹಾಗೆಯೇ ಬ್ರೋಮಿನ್ ಪರಮಾಣು ಮೀಥೇನಿನಿಂದ ಜಲಜನಕ ಕೀಳುವ ವೇಗವನ್ನೂ, ಮೀಥೈಲ್ ಅದನ್ನು ಮರಳಿ ಪಡೆಯುವ ವೇಗವನ್ನೂ ಬೇರೆ ಬೇರೆಯಾಗಿ ಅಳೆಯುತ್ತಾರೆ. ಎರಡರ ಅನುಪಾತದಿಂದ ಶಾಖದ ವ್ಯತ್ಯಾಸ ಸಿಗುತ್ತದೆ.

ಎರಡನೆಯದು ಬೆಳಕಿನ ದಾರಿ. ಮೀಥೇನಿನ ಮೇಲೆ ಬೆಳಕು ಹಾಯಿಸಿ ಅದರ ಶಕ್ತಿಯನ್ನು ಮೆಲ್ಲಮೆಲ್ಲನೆ ಏರಿಸುತ್ತಾರೆ. 14.32 ಎಲೆಕ್ಟ್ರಾನ್ ವೋಲ್ಟ್ ಮುಟ್ಟಿದಾಗ ಅಣು ಒಡೆದು ವಿದ್ಯುದಾವೇಶ ಹೊತ್ತ ಮೀಥೈಲ್ ಕಾಣಿಸಿಕೊಳ್ಳುತ್ತದೆ. ಮೀಥೈಲ್ ರ‍್ಯಾಡಿಕಲ್ಲಿಗೇ ಬೆಳಕು ಹಾಯಿಸಿದರೆ ಅದೇ ಆವೇಶಿತ ತುಂಡು 9.84ಕ್ಕೇ ಬರುತ್ತದೆ. ಕಳೆದರೆ ಉಳಿಯುವುದು 4.48. ಅಂದರೆ ಜಲಜನಕವನ್ನು ಕೀಳಲು ಬೇಕಾದ ಶಕ್ತಿ ಅಷ್ಟು. ಅದನ್ನು ಕಿಲೋಜೌಲಿಗೆ ತಿರುಗಿಸಿ ಕೋಣೆಯ ಉಷ್ಣತೆಗೆ ಹೊಂದಿಸಿದರೆ ಸುಮಾರು 439 ಎಂದಾಗುತ್ತದೆ.

ಮೂರನೆಯದು ಋಣ ಆವೇಶದ ದಾರಿ. ಅಣುವಿನಿಂದ ಪ್ರೋಟಾನನ್ನು ಕಿತ್ತರೆ ಎಷ್ಟು ಖರ್ಚು, ಉಳಿದ ಅಯಾನಿನಿಂದ ಎಲೆಕ್ಟ್ರಾನನ್ನು ಬಿಡಿಸಿದರೆ ಎಷ್ಟು ಖರ್ಚು ಎಂದು ಅಳೆದು ಸುತ್ತುದಾರಿಯಿಂದ ಅದೇ ಜಾಗಕ್ಕೆ ಬರುವುದು. ಮೂರು ದಾರಿಗಳೂ ಒಂದೇ ಅಂಕಿಗೆ ಬಂದು ನಿಂತರೆ ಅಂಕಿಯನ್ನು ನಂಬಬಹುದು.

ಬಹಳ ಹೆಚ್ಚಿನ ಉಷ್ಣತೆಯಲ್ಲಿ ಅಣುಗಳು ಒಡೆಯುವುದನ್ನು ನೋಡಲು ಇನ್ನೊಂದು ಸಾಧನವಿದೆ. ಶಾಕ್ ಟ್ಯೂಬ್ ಎಂಬ ಆಘಾತ ಕೊಳವೆಯಲ್ಲಿ ಒತ್ತಡದ ಅಲೆಯೊಂದು ಅನಿಲವನ್ನು ಕ್ಷಣಾರ್ಧದಲ್ಲಿ ಸಾವಿರ ಡಿಗ್ರಿ ದಾಟಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಪಿ.ಜೆ. ರೆಡ್ಡಿ ಮತ್ತು ಇ. ಅರುಣನ್ ಇಂಥ ಕೊಳವೆಯನ್ನು ರಸಾಯನ ಕ್ರಿಯೆಗಳ ಅಧ್ಯಯನಕ್ಕೆ ಬಳಸಿದರು. ವಿಮಾನಶಾಸ್ತ್ರದವರೂ ರಸಾಯನ ಶಾಸ್ತ್ರದವರೂ ಒಂದೇ ಕೊಳವೆಯ ಮುಂದೆ ಕೂಡಿದ ಅಪರೂಪದ ಕೆಲಸವದು.

ಲೆಕ್ಕ ತಪ್ಪಿದಾಗ

ಅಳೆಯುವುದು ಅರ್ಧ ಕೆಲಸ. ಅಳೆದದ್ದನ್ನು ತೂಗಿ ನೋಡುವುದು ಉಳಿದರ್ಧ. ಮ್ಯಾಂಚೆಸ್ಟರಿನಲ್ಲಿದ್ದ ಪೋಲೆಂಡ್ ಮೂಲದ ಮೈಕೆಲ್ ಷ್ವಾರ್ಟ್ಸ್ 1948ರಲ್ಲಿ ಟಾಲ್ವೀನ್ ಎಂಬ ದ್ರಾವಕದ ಆವಿಯನ್ನು ಕಾಯಿಸಿ, ಅದು ಒಡೆಯುವ ವೇಗದಿಂದ ಅದರ ದುರ್ಬಲ ಬಂಧವನ್ನು ಲೆಕ್ಕ ಹಾಕಿದರು. ಅವರಿಗೆ ಬಂದದ್ದು ಸುಮಾರು 324 ಕಿಲೋಜೌಲ್. ಇಂದು ಒಪ್ಪಿರುವುದು ಸುಮಾರು 375. ಅವರು ಕೆಟ್ಟ ಪ್ರಯೋಗಕಾರರಲ್ಲ; ಆ ಕಾಲದ ಶ್ರೇಷ್ಠರಲ್ಲಿ ಒಬ್ಬರು. ಒಡೆದ ತುಂಡುಗಳು ಕೊಳವೆಯೊಳಗೆ ಅವರು ಎಣಿಸದಿದ್ದ ಇನ್ನೂ ಹಲವು ಕ್ರಿಯೆಗಳಲ್ಲಿ ತೊಡಗಿದ್ದವು. ಮುಂದೆ ಈಥೈಲ್ ರ‍್ಯಾಡಿಕಲ್ಲಿನ ವಿಷಯದಲ್ಲೂ ಹೀಗೆಯೇ ಆಯಿತು. ಎರಡು ಬಗೆಯ ಅಳತೆಗಳ ನಡುವೆ ಹತ್ತು ಕಿಲೋಜೌಲಿಗೂ ಮಿಕ್ಕ ಅಂತರ. ವರ್ಷಗಟ್ಟಲೆ ವಾದ ನಡೆದು ಕೊನೆಗೆ ದೊಡ್ಡ ಅಂಕಿಯೇ ನಿಂತಿತು.

ಎಲ್ಲಕ್ಕಿಂತ ಬೆರಗಿನ ತಿದ್ದುಪಡಿ ಬಂದದ್ದು 2001ರಲ್ಲಿ. ಎಲ್ಲ ಕೋಷ್ಟಕಗಳಲ್ಲೂ ಗಟ್ಟಿಯಾಗಿ ಕೂತಿದ್ದ ಹೈಡ್ರಾಕ್ಸಿಲ್‌ನ ಅಂಕಿಯೇ ತಪ್ಪು ಎಂದು ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ಬ್ರಾಂಕೊ ರುಸ್ಚಿಚ್ ಮತ್ತು ಸಂಗಡಿಗರು ತೋರಿಸಿದರು. ತಪ್ಪು ದೊಡ್ಡದಲ್ಲ, ಸುಮಾರು ಎರಡು ಕಿಲೋಜೌಲ್. ಆದರೆ ಇಷ್ಟು ಚಿಕ್ಕ ತಪ್ಪೂ ಕೋಣೆಯ ಉಷ್ಣತೆಯಲ್ಲಿ ಸಮತೋಲದ ಲೆಕ್ಕವನ್ನು ಎರಡು ಪಟ್ಟಿಗಿಂತ ಹೆಚ್ಚು ಕೆಡಿಸಬಲ್ಲದು. ಅದಕ್ಕಿಂತ ಮುಖ್ಯವಾದ ಮಾತೆಂದರೆ ಹೈಡ್ರಾಕ್ಸಿಲ್‌ನ ಅಂಕಿಯನ್ನು ಆಧಾರವಾಗಿಟ್ಟುಕೊಂಡು ತೆಗೆದ ಬೇರೆ ಅಂಕಿಗಳೂ ಅದರೊಡನೆ ಅಲುಗಾಡಿದವು. ರವಿವಾರ ಪೇಟೆಯ ಕಿರಾಣಿ ವ್ಯಾಪಾರಿಯ ಖಾತೆಯಲ್ಲಿ ಮೊದಲ ಪುಟದ ಶಿಲ್ಕು ತಪ್ಪಿದರೆ ಕೊನೆಯ ಪುಟದವರೆಗೂ ತಪ್ಪು ಹರಿಯುತ್ತದಲ್ಲವೆ, ಹಾಗೆ.

ಇದಕ್ಕೆ ಪರಿಹಾರ ನಮ್ಮ ನಾಡಿನ ಚರಿತ್ರೆಗೆ ಅಪರಿಚಿತವಲ್ಲ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಸರಪಳಿ ಹಿಡಿದು ಒಂದು ಆಧಾರರೇಖೆಯನ್ನು ಅಳೆದರು. ಮುಂದೆ 1802ರಲ್ಲಿ ಮದರಾಸಿನಿಂದ ಆರಂಭವಾದ ಮಹಾ ಸರ್ವೆ ಇಡೀ ದೇಶದ ಮೇಲೆ ತ್ರಿಕೋನಗಳ ಬಲೆ ಹಾಸಿತು. ಯಾವ ಗುಡ್ಡದ ಸ್ಥಾನವೂ ಒಂದೇ ಅಳತೆಯನ್ನು ನೆಚ್ಚಿಕೊಂಡಿರಲಿಲ್ಲ. ಹಲವು ಗುಡ್ಡಗಳಿಂದ ಕೋನ ಹಿಡಿದು, ತಾಳೆಯಾಗದ ಕಡೆ ಮತ್ತೆ ಅಳೆದು, ತಪ್ಪನ್ನು ಬಲೆಯ ಮೇಲೆ ಹಂಚಿ ಸರಿಪಡಿಸುತ್ತಿದ್ದರು.

ರುಸ್ಚಿಚ್ ಅವರ ತಂಡ 2004ರಲ್ಲಿ ಮುಂದಿಟ್ಟ ಸಜೀವ ಉಷ್ಣ ಕೋಷ್ಟಕಗಳ ಹಿಂದೆ ಇರುವುದೂ ಇದೇ ಬಗೆಯ ಬಲೆ. ಇಲ್ಲಿ ಗುಡ್ಡಗಳ ಬದಲು ಅಣುಗಳು ಮತ್ತು ರ‍್ಯಾಡಿಕಲ್‌ಗಳು. ಕೋನಗಳ ಬದಲು ಪ್ರಯೋಗದ ಅಳತೆಗಳು ಮತ್ತು ಗಣಕಯಂತ್ರದಲ್ಲಿ ಮಾಡಿದ ಕ್ವಾಂಟಂ ಲೆಕ್ಕಗಳು. ಎಲ್ಲವನ್ನೂ ಒಟ್ಟಿಗೆ ಬಿಡಿಸಿದಾಗ ಉಳಿದವುಗಳೊಡನೆ ಹೊಂದದ ಅಳತೆ ತಾನಾಗಿ ಎದ್ದು ಕಾಣುತ್ತದೆ. ಹೊಸ ಅಳತೆ ಬಂದರೆ ಇಡೀ ಬಲೆ ಹೊಸದಾಗಿ ಹೊಂದಿಕೊಳ್ಳುತ್ತದೆ. ಅಂತರರಾಷ್ಟ್ರೀಯ ರಸಾಯನ ಶಾಸ್ತ್ರ ಒಕ್ಕೂಟವೂ ಹಲವು ದೇಶಗಳ ವಿಜ್ಞಾನಿಗಳನ್ನು ಕೂಡಿಸಿ ಮುಖ್ಯ ರ‍್ಯಾಡಿಕಲ್‌ಗಳ ಅಂಕಿಗಳನ್ನು ಒಂದೊಂದಾಗಿ ಪರಿಶೀಲಿಸಿತು. ಅದರ ಮೊದಲ ಭಾಗ 2005ರಲ್ಲಿ ಹೊರಬಂತು. ಪ್ರತಿ ಅಂಕಿಯ ಪಕ್ಕದಲ್ಲೂ ಅದು ಎಷ್ಟರ ಮಟ್ಟಿಗೆ ತಪ್ಪಿರಬಹುದು ಎಂಬುದನ್ನೂ ಬರೆದಿರುತ್ತದೆ. ಲೆಕ್ಕದ ಮರ್ಯಾದೆ ಇರುವುದು ಅಲ್ಲಿಯೇ.

ಕುಸುಬಿ ಎಣ್ಣೆ ಮತ್ತು ಭತ್ತದ ಗದ್ದೆ

ಇಷ್ಟೆಲ್ಲ ಅಂಕಿಗಳಿಂದ ನಮಗೇನು ಎಂದು ಕೇಳುವವರು ಅಡುಗೆ ಮನೆಯ ಕಪಾಟನ್ನು ತೆರೆಯಬಹುದು. ಕುಸುಬಿ ಎಣ್ಣೆ ಬೇಗ ಕಮಟು ಹಿಡಿಯುತ್ತದೆ, ತುಪ್ಪ ಬಹಳ ದಿನ ನಿಲ್ಲುತ್ತದೆ. ಯಾಕೆ? ಎಣ್ಣೆಯನ್ನು ಕೆಡಿಸುವ ಸರಪಳಿಯಲ್ಲಿ ಪೆರಾಕ್ಸಿಲ್ ಎಂಬ ರ‍್ಯಾಡಿಕಲ್ ಎಣ್ಣೆಯಿಂದ ಜಲಜನಕ ಕೀಳುತ್ತದೆ. ಜಲಜನಕ ಸಿಕ್ಕಾಗ ಅದಕ್ಕೆ ಜಮಾ ಸುಮಾರು 365 ಕಿಲೋಜೌಲ್. ಸಾಮಾನ್ಯ ಕೊಬ್ಬಿನ ಸರಪಳಿಯಿಂದ ಕೀಳಲು ಖರ್ಚು 410ರ ಆಸುಪಾಸು. ಅದು ನಷ್ಟದ ವ್ಯಾಪಾರ, ಬೇಗ ನಡೆಯದು. ಆದರೆ ಹಳೆಯ ತಳಿಯ ಕುಸುಬಿಯ ಎಣ್ಣೆಯಲ್ಲಿ ಮುಕ್ಕಾಲು ಪಾಲಿನಷ್ಟು ಲಿನೋಲಿಯಿಕ್ ಆಮ್ಲ. ಅದರಲ್ಲಿ ಎರಡು ಜೋಡಿಬಂಧಗಳ ನಡುವೆ ಸಿಕ್ಕಿಕೊಂಡ ಇಂಗಾಲವೊಂದಿದೆ. ಅಲ್ಲಿಂದ ಜಲಜನಕ ಕೀಳಲು 330ರಷ್ಟು ಸಾಕು. 365 ಜಮಾ, 330 ಖರ್ಚು. ಲಾಭದ ವ್ಯಾಪಾರಕ್ಕೆ ಕೈಹಾಕದವರು ಯಾರು? ತುಪ್ಪದಲ್ಲಿ ಇಂಥ ದುರ್ಬಲ ಜಾಗಗಳು ತೀರ ಕಡಿಮೆ.

ಎಣ್ಣೆಯಲ್ಲೇ ಇರುವ ಇ ಜೀವಸತ್ವ ಇನ್ನೂ ಸುಲಭವಾಗಿ, ಸುಮಾರು 325ಕ್ಕೆ, ತನ್ನ ಜಲಜನಕವನ್ನು ಕೊಟ್ಟು ಬಿಡುತ್ತದೆ. ಕೊಟ್ಟ ಮೇಲೆ ತಾನು ರ‍್ಯಾಡಿಕಲ್ ಆದರೂ ಗೊಂಬರ್ಗ್ ಕಂಡ ವಸ್ತುವಿನಂತೆ ಸಮಾಧಾನಿ. ಸರಪಳಿ ಅಲ್ಲಿಗೆ ತುಂಡಾಗುತ್ತದೆ. ಖಾನಾಪುರದ ಕಾಡುಗಳಲ್ಲಿ ಬೆಳೆಯುವ ಮುರುಗಲ ಹಣ್ಣಿನ ಸಿಪ್ಪೆಯಲ್ಲಿರುವ ಗಾರ್ಸಿನಾಲ್ ಕೂಡ ಇದೇ ಜಾತಿಯ ದಾನಿ. ಬೆಳಗಾವಿಯಲ್ಲಿ 2006ರಲ್ಲಿ ಆರಂಭವಾಗಿ ಇಂದು ರಾಷ್ಟ್ರೀಯ ಸಾಂಪ್ರದಾಯಿಕ ಔಷಧ ಸಂಸ್ಥೆ ಎನಿಸಿಕೊಂಡಿರುವ ಐಸಿಎಂಆರ್ ಕೇಂದ್ರ ಪಶ್ಚಿಮ ಘಟ್ಟದ ಔಷಧಿ ಸಸ್ಯಗಳನ್ನು ಅಧ್ಯಯನ ಮಾಡುತ್ತದೆ. ಸಸ್ಯಗಳ ಇಂಥ ಗುಣವನ್ನು ತಿಳಿಯಲು ಎಲ್ಲೆಡೆ ಬಳಸುವ ಒಂದು ಪರೀಕ್ಷೆಯಿದೆ. ನೇರಳೆ ಬಣ್ಣದ, ಬಹುಕಾಲ ಬಾಳುವ ಒಂದು ರ‍್ಯಾಡಿಕಲ್‌ನ ದ್ರಾವಣಕ್ಕೆ ಸಸ್ಯದ ಸಾರ ಬೆರೆಸಿದಾಗ ಜಲಜನಕ ಸಿಕ್ಕು ಅದು ಹಳದಿಗೆ ತಿರುಗುತ್ತದೆ. ಗಾಜಿನ ನಳಿಕೆಯಲ್ಲಿ ಬಣ್ಣ ಬದಲಾದದ್ದನ್ನೇ ಕಾಯಿಲೆ ವಾಸಿಯಾದಂತೆ ಸಾರುವ ಜಾಹೀರಾತುಗಳನ್ನು ಮಾತ್ರ ನಂಬಬಾರದು. ನಳಿಕೆಯ ಲೆಕ್ಕ ಬೇರೆ, ದೇಹದ ಲೆಕ್ಕ ಬೇರೆ.

ಇದೇ ಜಮಾಖರ್ಚು ಗದ್ದೆಯ ಮೇಲಿನ ಗಾಳಿಯಲ್ಲೂ ನಡೆಯುತ್ತದೆ. ಮಳೆಗಾಲದಲ್ಲಿ ಖಾನಾಪುರದ ನೀರು ನಿಂತ ಭತ್ತದ ಗದ್ದೆಗಳಿಂದ, ಲೋಕದ ಎಲ್ಲ ಭತ್ತದ ಗದ್ದೆಗಳಿಂದ ಆಗುವಂತೆ, ಮೀಥೇನ್ ಏಳುತ್ತದೆ. ಭೂಮಿಯನ್ನು ಕಾಯಿಸುವ ಅನಿಲಗಳಲ್ಲಿ ಅದಕ್ಕೆ ಎರಡನೆಯ ಸ್ಥಾನ. ಅದನ್ನು ಗಾಳಿಯಿಂದ ತೊಳೆಯುವ ಮುಖ್ಯ ಕೆಲಸ ಹೈಡ್ರಾಕ್ಸಿಲ್‌ನದೇ. ಮೀಥೇನಿನಿಂದ ಜಲಜನಕ ಕೀಳಲು 439 ಖರ್ಚು, ಅದು ಹೈಡ್ರಾಕ್ಸಿಲ್‌ಗೆ ಸೇರಿ ನೀರಾದಾಗ 497 ಜಮಾ, ಉಳಿತಾಯ 58. ವ್ಯಾಪಾರ ಲಾಭದ್ದಾದರೂ ಗಾಳಿಯಲ್ಲಿ ಹೈಡ್ರಾಕ್ಸಿಲ್ ತೀರ ವಿರಳ. ಆದ್ದರಿಂದ ಇಂದು ಎದ್ದ ಮೀಥೇನ್ ಹತ್ತು ವರ್ಷದ ಆಸುಪಾಸು ಗಾಳಿಯಲ್ಲೇ ಉಳಿಯುತ್ತದೆ.

ಮತ್ತೆ ಬಾಣಂತಿಯ ಕೋಣೆಗೆ

ಈಗ ಶೆಗಡಿಯ ಲೆಕ್ಕ ಮಾಡಬಹುದು. ಇಂಗಾಲದ ಮೊನಾಕ್ಸೈಡ್ ಹೈಡ್ರಾಕ್ಸಿಲ್‌ನೊಡನೆ ಕೂಡಿ ಇಂಗಾಲದ ಡೈಆಕ್ಸೈಡ್ ಆದಾಗ ಸುಮಾರು 102 ಕಿಲೋಜೌಲ್ ಜಮಾ. ಒಂದು ಜಲಜನಕ ಪರಮಾಣುವೂ ಬಿಡುಗಡೆಯಾಗುತ್ತದೆ. ಆ ಪರಮಾಣು ಆಮ್ಲಜನಕದ ಅಣುವನ್ನು ಒಡೆದು ಹೊಸ ಹೈಡ್ರಾಕ್ಸಿಲ್ ಹುಟ್ಟಿಸಬೇಕು. ಹಾಗಾದರೆ ಮಾತ್ರ ಸರಪಳಿ ಮುಂದುವರಿಯುತ್ತದೆ. ಆದರೆ ಆ ಹೆಜ್ಜೆಗೆ 69 ಕಿಲೋಜೌಲಿನಷ್ಟು ಖರ್ಚಿದೆ. ಈ ಸಾಲವನ್ನು ಕೊಡುವುದು ಬೆಂಕಿಯ ಬಿಸಿ. ಬಿಸಿ ಸಾಕಷ್ಟಿದ್ದರೆ ಒಂದರಿಂದ ಎರಡು, ಎರಡರಿಂದ ನಾಲ್ಕು ಎಂದು ರ‍್ಯಾಡಿಕಲ್‌ಗಳು ಹೆಚ್ಚುತ್ತವೆ, ವಿಷ ಉರಿದು ಹೋಗುತ್ತದೆ. ಚೆನ್ನಾಗಿ ಗಾಳಿ ಬೀಸಿದ ಕೆಂಡದ ಮೇಲೆ ಕುಣಿಯುವ ನೀಲಿ ಜ್ವಾಲೆ ಅದರ ಗುರುತು. ಬಿಸಿ ಇಳಿದರೆ ಸಾಲ ಹುಟ್ಟುವುದಿಲ್ಲ. ರ‍್ಯಾಡಿಕಲ್‌ಗಳು ಹುಟ್ಟುವುದಕ್ಕಿಂತ ಬೇಗ ಸಾಯುತ್ತವೆ.

ಬೂದಿ ಕವಿದು ಮಂದವಾದ ಕೆಂಡದಲ್ಲಿ ಆಗುವುದು ಇದೇ. ಕೆಂಡದ ಮೈಯಿಂದ ಇಂಗಾಲದ ಮೊನಾಕ್ಸೈಡ್ ಏಳುತ್ತಲೇ ಇರುತ್ತದೆ. ಮೇಲೆ ಅದನ್ನು ಉರಿಸುವವರು ಯಾರೂ ಉಳಿದಿರುವುದಿಲ್ಲ. ಇದ್ದಿಲು ಹೊಗೆಯಾಡದು, ಕಣ್ಣು ಉರಿಸದು. ಸೌದೆ ಒಲೆಯಾದರೂ ಹೊಗೆ ಬಂದು ಎಚ್ಚರಿಸುತ್ತದೆ. ಮಂದವಾದ ಕೆಂಡ ಅಷ್ಟೂ ಮಾಡುವುದಿಲ್ಲ. ಅದು ಹಿತವಾಗಿ ಬೆಚ್ಚಗಿರುವ ಹೊತ್ತೇ ಹೆಚ್ಚು ಅಪಾಯದ ಹೊತ್ತು. ಮುಚ್ಚಿದ ಕೋಣೆಯಲ್ಲಿ ಆಮ್ಲಜನಕವೂ ಕಡಿಮೆಯಾಗುತ್ತ ಬಂದು ಬೆಂಕಿಯ ಉರಿ ಇನ್ನಷ್ಟು ಅರೆಬರೆಯಾಗುತ್ತದೆ. ಕಪ್ಪು ಗಡಿಗೆ ಮಾಡುವ ಆವಿಗೆಗೂ ಆ ಕೋಣೆಗೂ ಆಗ ವ್ಯತ್ಯಾಸ ಉಳಿಯುವುದಿಲ್ಲ. ಉದ್ಯಮಬಾಗದ ಎರಕದ ಕಾರ್ಖಾನೆಗಳಂಥ ಕಡೆ ದೊಡ್ಡ ದೊಡ್ಡ ಗಾಳಿಕಿಂಡಿಗಳು ಬೇಕೆನ್ನುವುದು ಬರೀ ಸೆಕೆಗಾಗಿ ಅಲ್ಲ. ಕಾಯ್ದ ಕಬ್ಬಿಣ ಸುರಿದ ಅಚ್ಚಿನ ಅಂಟು ಸುಟ್ಟಾಗಲೂ ಇದೇ ಅನಿಲ ಬರುತ್ತದೆ.

ಚಳಿಗೆ ಬೆಂಕಿ ಬೇಡವೆಂದು ಯಾರೂ ಹೇಳಲಾರರು. ಆದರೆ ಕೆಂಡ ಕೋಣೆಯ ಹೊರಗಿರಲಿ. ಬಾಣಂತಿಗೂ ಕೂಸಿಗೂ ಕಂಬಳಿ, ಬಿಸಿನೀರಿನ ಚೀಲ, ಬೆಚ್ಚನೆಯ ಬಟ್ಟೆ ಸಾಕು. ಶೆಗಡಿ ಇಡಲೇಬೇಕೆಂದು ಹಿರಿಯರು ಹಟ ಹಿಡಿದರೆ ಎಚ್ಚರವಿದ್ದಷ್ಟು ಹೊತ್ತು ಮಾತ್ರ, ಕಿಟಕಿ ಬಾಗಿಲು ತೆರೆದು. ಮಲಗುವ ಮುನ್ನ ಅದನ್ನು ಅಂಗಳಕ್ಕೆ ಒಯ್ಯಬೇಕು. ತಲೆನೋವು, ಓಕರಿಕೆ, ಮಂಪರು ಬಂದರೆ ಮಲಗಿ ಸುಧಾರಿಸಿಕೊಳ್ಳುವ ಮಾತೇ ಬೇಡ. ಎಲ್ಲರನ್ನೂ ತೆರೆದ ಗಾಳಿಗೆ ಕರೆತಂದು ಆಸ್ಪತ್ರೆಗೆ ಹೋಗಬೇಕು.

ಖಾನಾಪುರದ ಕುಂಬಾರರು ಯಾವ ಕಿಂಡಿಯನ್ನು ಯಾವಾಗ ಮುಚ್ಚಬೇಕೆಂದು ಬಲ್ಲರು. ಅವರು ಮುಚ್ಚುವುದು ಗಡಿಗೆಗಾಗಿ. ಮುಚ್ಚಿದ ಆವಿಗೆಯೊಳಗೆ ಯಾರೂ ಮಲಗುವುದಿಲ್ಲ.